ಹಕ್ಕಿ ಫೋಟೊ ಎಡಿಟಿಂಗ್: ಬೇಸಿಕ್ ಬರುತ್ತದೆ, ಮುಂದಿನದು ಎಲ್ಲಿ ಕಲಿಯೋದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಮಂಡಗದ್ದೆ, ಭದ್ರಾ ಹಿನ್ನೀರು, ರಜೆ ಸಿಕ್ಕರೆ ಗಣೇಶಗುಡಿ, ಹೀಗೆ ಹಕ್ಕಿ ಹಿಂದೆ ಸುತ್ತುತ್ತಿರುತ್ತೇನೆ. ಅಡೋಬಿ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಕ್ರಾಪ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎಲ್ಲ ಬರುತ್ತದೆ. ಅದರಾಚೆಗೆ ಗೊತ್ತಿಲ್ಲ. ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್‌ನಲ್ಲಿ ನೀರು ಕುಡಿಯೋಕೆ ಬರುವ ಹಕ್ಕಿಗಳನ್ನು ಮರದ ನೆರಳಲ್ಲಿ ಐಎಸ್‌ಒ 6400ರಲ್ಲಿ ತೆಗೆದಿದ್ದೇನೆ, ನಾಯ್ಸ್ ತೆಗೆದರೆ ಪಿಕಳಾರದ ಗರಿಯೆಲ್ಲ ಮೇಣ ಬಳಿದ ಹಾಗೆ ಆಗುತ್ತದೆ, ತೆಗೆಯದಿದ್ದರೆ ಹಿನ್ನೆಲೆ ಪೂರ್ತಿ ಕಾಳುಕಾಳು. ಆನ್‌ಲೈನ್ ಕೋರ್ಸ್ ಒಂದಕ್ಕೆ ದುಡ್ಡು ಕಟ್ಟಿದೆ. ಅದರಲ್ಲಿ ಅರ್ಧ ಮದುವೆ ಫೋಟೊ, ಉಳಿದರ್ಧ ಆಕಾಶ ಬದಲಾಯಿಸೋದು ಹೇಗೆ ಅಂತ! ಹಕ್ಕಿಯವರಿಗೇ ಅಂತ ಹೇಳಿಕೊಡುವವರು ಯಾರಾದರೂ ಇದ್ದಾರಾ? ಕನ್ನಡದಲ್ಲಾದರೆ ಇನ್ನೂ ಒಳ್ಳೆಯದು. ಶನಿವಾರ, ಭಾನುವಾರ ಬೆಂಗಳೂರಿಗೆ ಬರೋಕೂ ರೆಡಿ.

ಕೆರೆಏರಿ:
ಬೆಂಗಳೂರಿಗೆ ಬರುತ್ತೀರಿ ಅಂದರೆ ಮೊದಲು ಯೂತ್ ಫೋಟೊಗ್ರಾಫಿಕ್ ಸೊಸೈಟಿ ಕಡೆ ನೋಡಿ, ವೈಪಿಎಸ್ ಅಂತಾರಲ್ಲ, ಅದೇ. 1971ರಲ್ಲಿ ಶುರುವಾದದ್ದು. ಅಲ್ಲಿ ವರ್ಕ್‌ಶಾಪ್ ನಡೆಯುತ್ತವೆ, ಆದರೆ ನನ್ನ ಕೇಳಿದರೆ ಅದಕ್ಕಿಂತ ದೊಡ್ಡ ಲಾಭ ನಿಮ್ಮ ಚಿತ್ರವನ್ನು ಅನುಭವ ಇದ್ದವರು ಎದುರಿಗೇ ಕೂತು ನೋಡುವುದು. ಹಸಿರು ಜಾಸ್ತಿ ಆಯ್ತು, ಕಣ್ಣಿನ ಹತ್ತಿರ ಶಾರ್ಪ್ ಜಾಸ್ತಿ ಆಯ್ತು ಅಂತ ಮುಖಕ್ಕೇ ಹೇಳುತ್ತಾರೆ. ವಿಡಿಯೊ ನೋಡಿದರೆ ಇದು ಸಿಗಲ್ಲ.

ಖಾಸಗಿಯಾಗಿ ಕಲಿಸುವವರೂ ಇದ್ದಾರೆ, ಟೂರ್ ಮಾಡಿಸುವ ಫೋಟೊಗ್ರಾಫರ್‌ಗಳಲ್ಲಿ ಹಲವರು ಇದನ್ನೂ ಮಾಡುತ್ತಾರೆ. ದುಡ್ಡು ಕೊಡುವ ಮುಂಚೆ ಒಂದೇ ಮಾತು ಕೇಳಿ: ನನ್ನ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ತೆರೆದು ನನ್ನ ಮುಂದೆ ಎಡಿಟ್ ಮಾಡುತ್ತೀರಾ? ಬೆಳಗಿನ ಬಂಗಾರದ ಬೆಳಕಲ್ಲಿ ತೆಗೆದ ಅವರದೇ ಮಿಂಚುಳ್ಳಿ ಚಿತ್ರ ಇಟ್ಟುಕೊಂಡು ಸ್ಲೈಡರ್ ಆಡಿಸೋದು ದೊಡ್ಡ ವಿಷಯ ಅಲ್ಲ. ಅದಕ್ಕೆ ಎಡಿಟಿಂಗೇ ಬೇಕಿರಲಿಲ್ಲ! ಪ್ರೀಸೆಟ್, ಅಂದರೆ ಒಂದೇ ಕ್ಲಿಕ್‌ಗೆ ಹಾಕುವ ರೆಡಿ ಸೆಟ್ಟಿಂಗ್, ಕೊಡುತ್ತೇವೆ ಅನ್ನುವವರಿಂದ ಸ್ವಲ್ಪ ದೂರ ಇರಿ.

ಸೊಪ್ಪಿನಮರೆ:
ಮೇಲಿನವರ ಮಾತಿಗೆ ನನ್ನದೂ ಒಂದು ವೋಟು. ಕ್ಲಾಸ್ ಸಿಗುವವರೆಗೆ ಸುಮ್ನೆ ಕೂರಬೇಡಿ, ನಿಮ್ಮ ಆ ಪಿಕಳಾರದ ಫೈಲನ್ನೇ ತೆಗೆಯಿರಿ. ಲೈಟ್‌ರೂಮ್‌ನಲ್ಲಿ 2023ರಲ್ಲಿ ಎಐ ಡಿನಾಯ್ಸ್ ಬಂತಲ್ಲ, ಅದು 50ಕ್ಕೆ ನಿಂತಿರುತ್ತದೆ, ಬಹಳ ಜನ ಹಾಗೇ ಒತ್ತಿಬಿಡುತ್ತಾರೆ. 30ರ ಆಸುಪಾಸಿಗೆ ಇಳಿಸಿ ಎದೆಯ ಗರಿ ನೋಡಿ. ಸ್ವಲ್ಪ ಕಾಳು ಉಳಿದರೆ ಉಳಿಯಲಿ, ಹಿನ್ನೆಲೆಗೆ ಮಾತ್ರ ಬೇರೆ ಮಾಸ್ಕ್ ಹಾಕಿ (ಅಂದರೆ ಅಷ್ಟು ಭಾಗವನ್ನೇ ಆರಿಸಿ) ಅಲ್ಲಿ ನಾಯ್ಸ್ ಇಳಿಸಬಹುದು. ಆಮೇಲೆ ಶಾರ್ಪನಿಂಗ್‌ನಲ್ಲಿ ಮಾಸ್ಕಿಂಗ್ ಸ್ಲೈಡರನ್ನು ಆಲ್ಟ್ ಕೀ ಒತ್ತಿಕೊಂಡು ಎಳೆಯಿರಿ. ಚಿತ್ರ ಕಪ್ಪು ಬಿಳುಪಾಗುತ್ತದೆ, ಬಿಳಿ ಇದ್ದಲ್ಲಿ ಮಾತ್ರ ಶಾರ್ಪ್ ಆಗುತ್ತದೆ. ಗರಿಯ ಅಂಚು, ಕಣ್ಣು, ಕೊಕ್ಕು ಬಿಳಿ ಉಳಿದು ಹಿನ್ನೆಲೆ ಪೂರ್ತಿ ಕಪ್ಪಾಗುವವರೆಗೆ ಎಳೆದರೆ ಸಾಕು.

ಹಕ್ಕಿಯನ್ನು ತಾನೇ ಗುರುತಿಸಿ ಮಾಸ್ಕ್ ಹಾಕುವ ಸೆಲೆಕ್ಟ್ ಸಬ್ಜೆಕ್ಟ್ ನಂಬಿಕೊಂಡು ಮುಂದೆ ಹೋಗಬೇಡಿ. ಬಾಲದಂಡೆ ಹಕ್ಕಿಯ ಉದ್ದ ಬಾಲ ಅರ್ಧಕ್ಕೇ ಬಿಟ್ಟಿರುತ್ತದೆ, ಕಾಲು ಕೊಂಬೆ ಜೊತೆ ಸೇರಿಕೊಂಡಿರುತ್ತದೆ. 200 ಪರ್ಸೆಂಟ್‌ಗೆ ಹಿಗ್ಗಿಸಿ ಬ್ರಷ್‌ನಲ್ಲಿ ಸರಿ ಮಾಡಲೇಬೇಕು, ಇಲ್ಲದಿದ್ದರೆ ಹಕ್ಕಿ ಸುತ್ತ ಬೆಳ್ಳಗೆ ಗೆರೆ ಕಾಣುತ್ತದೆ.

ಇನ್ನೊಂದು, ಕೆಂಪು ಹಕ್ಕಿಗಳದು. ನಮ್ಮ ಪಶ್ಚಿಮ ಘಟ್ಟದ ಗಂಡು ಮಿನಿವೆಟ್ ತೆಗೆದಿರುತ್ತೀರಿ, ಎಕ್ಸ್‌ಪೋಷರ್ ಸರಿಯಾಗೇ ಇದೆ, ಆದರೂ ಫೇಸ್‌ಬುಕ್‌ಗೆ ಹಾಕಿದರೆ ಎದೆ ಬರೀ ಕೆಂಪು ಮುದ್ದೆ, ಒಂದು ಗರಿಯೂ ಕಾಣಲ್ಲ. ಅಲ್ಲಿ ಕೆಂಪು ಚಾನೆಲ್ ಒಂದೇ ತುಂಬಿ ಹೋಗಿರುತ್ತದೆ. ಡೆವಲಪ್‌ನಲ್ಲಿ ಎಸ್ ಕೀ ಒತ್ತಿ ಸಾಫ್ಟ್ ಪ್ರೂಫ್ ಆನ್ ಮಾಡಿ, ವೆಬ್‌ನಲ್ಲಿ ಬಳಸುವ ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇಟ್ಟು ನೋಡಿ, ಎಕ್ಸ್‌ಪೋರ್ಟ್ ಆದಮೇಲೆ ಹೇಗೆ ಕಾಣುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಪ್ರೊಫೈಲ್ ಅಡೋಬಿ ನ್ಯೂಟ್ರಲ್‌ಗೆ ಬದಲಾಯಿಸಿ, ಕಲರ್ ಮಿಕ್ಸರ್‌ನಲ್ಲಿ ಕೆಂಪಿನ ಸ್ಯಾಚುರೇಷನ್, ಲ್ಯೂಮಿನನ್ಸ್ ಎರಡೂ ಸ್ವಲ್ಪ ಇಳಿಸಿ. ಕಲಿಸುವವರಿಗೆ ಇದು ಗೊತ್ತಿದೆಯಾ ಅಂತ ಕೇಳಿ ನೋಡಿ, ಅಲ್ಲೇ ಅವರ ಮಟ್ಟ ಗೊತ್ತಾಗುತ್ತದೆ.

ಕಾಜಾಣ:
ಸ್ಪರ್ಧೆಗೆ ಕಳಿಸುವ ಆಲೋಚನೆ ಇದೆಯಾ ನಿಮಗೆ? ಇದ್ದರೆ ಕಲಿಯುವ ಪಟ್ಟಿಯೇ ಬೇರೆ. ಎಫ್‌ಐಎಪಿ, ಪಿಎಸ್‌ಎ ಅನ್ನುವ ಅಂತರರಾಷ್ಟ್ರೀಯ ಫೋಟೊಗ್ರಫಿ ಸಂಸ್ಥೆಗಳ ಮನ್ನಣೆ ಇರುವ ಸಲಾನ್‌ಗಳ (ಫೋಟೊ ಸ್ಪರ್ಧೆಗಳ) ನೇಚರ್ ವಿಭಾಗದಲ್ಲಿ ಅಡ್ಡ ಬಂದ ಕಡ್ಡಿಯನ್ನೂ ಅಳಿಸೋ ಹಾಗಿಲ್ಲ. ಕ್ರಾಪ್ ಮಾಡಬಹುದು, ಧೂಳಿನ ಚುಕ್ಕೆ ತೆಗೆಯಬಹುದು, ನಾಯ್ಸ್ ಇಳಿಸಬಹುದು. ವಿನ್ಯೆಟ್ ಹಾಕುವುದು (ಚಿತ್ರದ ಅಂಚು ಕಪ್ಪಾಗಿಸುವುದು), ಏನನ್ನಾದರೂ ಮುಚ್ಚೋಕೆ ಹಿನ್ನೆಲೆ ಬ್ಲರ್ ಮಾಡುವುದು, ಕಪ್ಪು ಮಾಡುವುದು, ಯಾವುದೂ ನಡೆಯಲ್ಲ. ತಮಾಷೆ ಏನು ಅಂದರೆ "ಅಡ್ವಾನ್ಸ್ಡ್" ಅಂತ ಬೋರ್ಡ್ ಹಾಕಿದ ಕ್ಲಾಸ್‌ಗಳಲ್ಲಿ ಬಹುಪಾಲು ಹೇಳಿಕೊಡೋದು ಇವನ್ನೇ. ಗೋಡೆಗೆ ಹಾಕೋಕೆ ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಆಯೋಜಕರು ರಾ ಫೈಲ್ ಕೇಳಿದಾಗ ಪೇಚಿಗೆ ಸಿಕ್ಕಬೇಡಿ.

ತುಂಗಾತೀರ:
ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಸ್ಪರ್ಧೆ ಆಸೆ ಇದೆ ಸರ್, ಆದರೆ ಸದ್ಯಕ್ಕಲ್ಲ. ವೈಪಿಎಸ್‌ಗೆ ಮೇಲ್ ಮಾಡುತ್ತೇನೆ. ಒಂದು ತೊಂದರೆ: ನನ್ನದು ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಡಿನಾಯ್ಸ್ ಒತ್ತಿ ಊಟ ಮಾಡಿ ಬರಬಹುದು. ಅಡೋಬಿಗೆ ತಿಂಗಳು ತಿಂಗಳು ಕಟ್ಟೋದೂ ಕಷ್ಟವೇ.

ಸೊಪ್ಪಿನಮರೆ:
ಹಾಗಾದರೆ ಡಾರ್ಕ್‌ಟೇಬಲ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ನೋಡಿ, ಫ್ರೀ. ಮೊದಲು ತಲೆ ತಿನ್ನುತ್ತದೆ, ಆದರೆ ಮಾಸ್ಕ್‌ಗಳು ಬಹಳ ಚೆನ್ನಾಗಿವೆ. ಕ್ಲಾಸ್‌ಗೆ ಸೇರುವ ಮುಂಚೆ ಅವರು ಯಾವ ಸಾಫ್ಟ್‌ವೇರ್‌ನಲ್ಲಿ ಕಲಿಸುತ್ತಾರೆ ಕೇಳಿಕೊಳ್ಳಿ, ಬಹುತೇಕ ಎಲ್ಲರದೂ ಲೈಟ್‌ರೂಮೇ. ಮತ್ತೆ ಬಣ್ಣ ಸರಿಯಾಗಿ ತೋರಿಸುವ ಹಾಗೆ ಸ್ಕ್ರೀನ್ ಕ್ಯಾಲಿಬ್ರೇಟ್ ಮಾಡಿಸಿದ್ದೀರಾ? ಅದನ್ನು ಮಾಡುವ ಯಂತ್ರ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಎರವಲು ತನ್ನಿ. ಸ್ಕ್ರೀನೇ ನೀಲಿ ತೋರಿಸುತ್ತಿದ್ದರೆ ಯಾವ ಮೇಷ್ಟ್ರು ಬಂದರೂ ಬೆಳ್ಳಕ್ಕಿ ಹಳದಿಯಾಗೇ ಹೊರಗೆ ಹೋಗುತ್ತದೆ.

ಕೆರೆಏರಿ:
ನನ್ನ ಹತ್ತಿರ ಆ ಯಂತ್ರ ಒಂದು ಇದೆ, ಬೆಂಗಳೂರಿಗೆ ಬರುವಾಗ ಲ್ಯಾಪ್‌ಟಾಪ್ ತನ್ನಿ, ಮಾಡಿಕೊಡುತ್ತೇನೆ. ಆ ಪಿಕಳಾರದ ರಾ ಫೈಲೂ ತನ್ನಿ.