ಅಮ್ಮನ ಬಯಾಪ್ಸಿ ರಿಪೋರ್ಟಲ್ಲಿ ಇರೋದನ್ನ ಅವರಿಗೆ ಅರ್ಥ ಆಗೋ ಹಾಗೆ ಹೇಗೆ ಹೇಳೋದು?

ಹಾಸನದ ಮಗಳು:
ಎಲ್ರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ, ಎಡಗಡೆ ಎದೇಲಿ ಗಂಟು ಸಿಕ್ತು ಅಂತ ಬಯಾಪ್ಸಿ ಮಾಡಿಸಿದ್ವಿ, ರಿಪೋರ್ಟ್ ಬಂದಿದೆ. ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ, ಗ್ರೇಡ್ 3, ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಅಂತಿದೆ. ಡಾಕ್ಟರ್ ನಿಯೋಅಡ್ಜುವೆಂಟ್ ಕೀಮೋ ಕೊಟ್ಟು ಆಮೇಲೆ ಸರ್ಜರಿ ಮಾಡೋಣ ಅಂದ್ರು, ಒಪಿಡಿ ತುಂಬಾ ರಶ್ ಇತ್ತು, ಜಾಸ್ತಿ ಕೇಳೋಕೆ ಆಗ್ಲಿಲ್ಲ. ಕ್ಯಾನ್ಸರ್ ಅಂತ ಅಮ್ಮನಿಗೆ ಗೊತ್ತು, ಡಾಕ್ಟರೇ ಹೇಳಿದಾರೆ. ಆದ್ರೆ ಮನೆಗೆ ಬಂದ ನೆಂಟ್ರೊಬ್ರು ಗ್ರೇಡ್ 3 ಅಂದ್ರೆ ಮೂರನೇ ಸ್ಟೇಜು, ಪಾಸಿಟಿವ್ ಅಂದ್ರೆ ಮೈಯೆಲ್ಲ ಹರಡಿದೆ, ಆಪರೇಷನ್ ಮಾಡೋ ಹಂತ ದಾಟಿರೋದಕ್ಕೇ ಮೊದ್ಲು ಕೀಮೋ ಅಂತಿದಾರೆ ಅಂತೆಲ್ಲ ಹೇಳಿ ಹೋದ್ರು. ಆವತ್ತಿಂದ ಅಮ್ಮ ಸರಿಯಾಗಿ ಊಟಾನೇ ಮಾಡ್ತಿಲ್ಲ. ಅವರು ಓದಿರೋದು ಕನ್ನಡ ಶಾಲೇಲಿ ಏಳನೇ ಕ್ಲಾಸ್ ತನಕ. ಅವರಿಗೆ ನಾನು ಹೇಗೆ ಬಿಡಿಸಿ ಹೇಳ್ಲಿ? ಗೊತ್ತಿರೋರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್:
ನೋಡಮ್ಮ, ನಾನು ಆಂಕಾಲಜಿ (ಕ್ಯಾನ್ಸರ್) ವಾರ್ಡಲ್ಲಿ ನರ್ಸ್, ಆ ನೆಂಟ್ರು ಹೇಳಿದ ಮೂರೂ ತಪ್ಪು. ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ ಅಂದ್ರೆ ಹಾಲಿನ ನಾಳದಲ್ಲಿ ಶುರುವಾಗಿ, ನಾಳದ ಗೋಡೆ ದಾಟಿ ಪಕ್ಕದ ಎದೆ ಭಾಗಕ್ಕೆ ಬಂದಿರೋ ಕ್ಯಾನ್ಸರ್. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಅಂದ್ರೆ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿದಾಗ ಆ ಕಣಗಳು ನಮ್ಮ ಮಾಮೂಲಿ ಕಣಗಳಿಗಿಂತ ಎಷ್ಟು ಬದಲಾಗಿವೆ, ಎಷ್ಟು ಬೇಗ ಬೇಗ ಒಡೀತಿವೆ ಅನ್ನೋದು. ಎದೆ ಕ್ಯಾನ್ಸರಲ್ಲಿ ಗ್ರೇಡ್ 1ರಿಂದ 3ರ ತನಕ ಅಷ್ಟೆ. ಗಂಟು ಎಷ್ಟು ದೊಡ್ಡದು, ಕಂಕುಳಿಗೆ ಹೋಗಿದ್ಯಾ, ದೂರ ಎಲ್ಲಾದ್ರೂ ಹೋಗಿದ್ಯಾ ಅನ್ನೋದು ಸ್ಟೇಜ್. ಅದನ್ನ ಸ್ಕ್ಯಾನ್ ಎಲ್ಲ ನೋಡಿ ಹೇಳ್ತಾರೆ, ಬಯಾಪ್ಸಿ ಒಂದರಲ್ಲೇ ಹೇಳಕ್ಕಾಗಲ್ಲ. ಗ್ರೇಡ್ 3 ಇದ್ದೂ ಮೊದಲನೇ ಸ್ಟೇಜಲ್ಲಿ ಇರೋರನ್ನ ಬೇಕಾದಷ್ಟು ನೋಡಿದೀನಿ. ಅಮ್ಮನಿಗೆ "ಇದು ಸ್ವಲ್ಪ ಬೇಗ ಬೆಳೆಯೋ ಜಾತಿ, ಅದಕ್ಕೇ ತಡ ಮಾಡ್ದೆ ಔಷಧಿ ಶುರು ಮಾಡ್ತಿದಾರೆ, ಬೇಗ ಬೆಳೆಯೋದಕ್ಕೆ ಸಾಮಾನ್ಯವಾಗಿ ಕೀಮೋ ಚೆನ್ನಾಗೇ ಹಿಡಿಯತ್ತೆ" ಅಂತ ಹೇಳಿ. ಇದು ಸುಳ್ಳು ಸಮಾಧಾನ ಅಲ್ಲ, ನಿಜಾನೇ.

ಇನ್ನು ಇಆರ್, ಪಿಆರ್ ಪಾಸಿಟಿವ್. ಹೆಂಗಸರ ಮೈಯಲ್ಲಿರೋ ಹಾರ್ಮೋನ್ ಕುಡ್ಕೊಂಡು ಈ ಗಂಟು ಬೆಳೀತಿದೆ ಅಂತ ಅರ್ಥ, ಹರಡಿದೆ ಅಂತ ಅಲ್ವೇ ಅಲ್ಲ. ತೋಟಕ್ಕೆ ಹೋಗೋ ಕಾಲುವೆ ಕಟ್ಟಿದ ಹಾಗೆ ಆ ಹಾರ್ಮೋನನ್ನ ತಡೆಯೋಕೆ ಮಾತ್ರೆ ಇದೆ, ಮುಟ್ಟು ನಿಂತಿರೋರಿಗೆ ಹೆಚ್ಚಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಕೊಡ್ತಾರೆ. ದಿನಕ್ಕೊಂದು, ಕಮ್ಮಿ ಅಂದ್ರೂ 5 ವರ್ಷ. ಪಾಸಿಟಿವ್ ಬಂದಿದ್ದಕ್ಕೇ ಅಮ್ಮನಿಗೆ ಈ ದಾರಿ ಸಿಕ್ಕಿರೋದು. ಹರ್-2 ನೆಗೆಟಿವ್ ಅಂದ್ರೆ ಆ ಹೆಸರಿನ ಪ್ರೋಟೀನ್ ಕಣದ ಮೇಲೆ ಜಾಸ್ತಿ ಇಲ್ಲ, ಹಾಗಾಗಿ ಟ್ರಾಸ್ಟುಜುಮ್ಯಾಬ್ ಅನ್ನೋ ಇಂಜೆಕ್ಷನ್ ಬೇಕಾಗಲ್ಲ.

ನಿಯೋಅಡ್ಜುವೆಂಟ್ ಅಂದ್ರೆ ಆಪರೇಷನ್‌ಗೆ ಮುಂಚೆ ಕೊಡೋ ಚಿಕಿತ್ಸೆ, ಅಷ್ಟೇ. ಗಂಟು ಕುಗ್ಗಿದ್ರೆ ಕೆಲವು ಸಲ ಪೂರ್ತಿ ಎದೆ ತೆಗೀದೆ ಗಂಟಿನ ಜಾಗ ಮಾತ್ರ ತೆಗೆದ್ರೆ ಸಾಕಾಗತ್ತೆ, ಔಷಧಿ ಹಿಡೀತಿದ್ಯಾ ಇಲ್ವಾ ಅಂತಲೂ ಕಣ್ಣಿಗೇ ಗೊತ್ತಾಗತ್ತೆ. ಶುರು ಮಾಡೋಕ್ ಮುಂಚೆ ಕ್ಲಿಪ್ ಹಾಕ್ತಾರಾ ಕೇಳಿ, ಗಂಟು ಪೂರ್ತಿ ಕರಗಿಬಿಟ್ರೆ ಎಲ್ಲಿತ್ತು ಅಂತ ಸರ್ಜನ್‌ಗೆ ತಿಳೀಲಿ ಅಂತ ಒಂದು ಪುಟಾಣಿ ಲೋಹದ ಗುರುತು ಒಳಗೆ ಇಡ್ತಾರೆ.

ಮಲೆನಾಡ ಅಕ್ಕ:
ತಂಗಿ, ನನಗೂ ಇದೇ ಆಗಿತ್ತು, ಈಗ ಆರಾಮಿದೀನಿ, ಮಾತ್ರೆ ನಡೀತಿದೆ. ಅಮ್ಮನಿಗೆ ಹೆಸರುಗಳಿಗಿಂತ ಏನೇನು ಆಗತ್ತೆ ಅಂತ ಮೊದ್ಲೇ ಹೇಳಿಡು. ಡಾಕ್ಸೊರುಬಿಸಿನ್ ಅಂತ ಕೆಂಪು ಔಷಧಿ ಇರತ್ತೆ, ಅದನ್ನ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗತ್ತೆ, ಅದು ರಕ್ತ ಅಲ್ಲ, ಔಷಧಿ ಬಣ್ಣ. ಯಾರೂ ಹೇಳಿರ್ಲಿಲ್ಲ ಅಂದ್ರೆ ಎಂಥೋರಿಗೂ ಜೀವ ಬಾಯಿಗೆ ಬರತ್ತೆ. ಅದನ್ನ ಕೊಡೋ ಮುಂಚೆ ಎಕೋ ಅಂತ ಹಾರ್ಟ್ ಸ್ಕ್ಯಾನ್ ಮಾಡಿಸ್ತಾರೆ, ಹಾರ್ಟ್ ಕಾಯಿಲೆ ಇದೆ ಅಂತ ಅಲ್ಲ, ಹಾರ್ಟ್ ಆ ಔಷಧಿ ತಡ್ಕೊಳ್ಳತ್ತಾ ಅಂತ ನೋಡೋಕೆ. ಕೂದಲು ಎರಡು ಮೂರು ವಾರಕ್ಕೆ ಉದುರೋಕೆ ಶುರು, ಕೀಮೋ ಮುಗಿದ ಮೇಲೆ ಮತ್ತೆ ಬರತ್ತೆ.

ಒಂದು ಮಾತ್ರ ಮನೇಲಿ ಎಲ್ಲರಿಗೂ ಬಾಯಿಪಾಠ ಮಾಡ್ಸು. ಡಾಕ್ಟರ್ "ಕೌಂಟ್ ಬೀಳತ್ತೆ" ಅಂತಾರಲ್ಲ, ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣ ಕಮ್ಮಿ ಆಗತ್ತೆ ಅಂತ, ಸಾಮಾನ್ಯವಾಗಿ ಕೀಮೋ ಆದ 7ರಿಂದ 14ನೇ ದಿನದ ಒಳಗೆ. ಆಗ ಜ್ವರ 100.4 ದಾಟಿದ್ರೆ ಡೋಲೋ ನುಂಗಿ ಬೆಳಗ್ಗೆ ನೋಡೋಣ ಅಂತ ಮಲಗೋ ಹಾಗಿಲ್ಲ, ರಾತ್ರಿ ಎಷ್ಟೊತ್ತಾದ್ರೂ ಆಸ್ಪತ್ರೆಗೆ ಹೋಗ್ಬೇಕು. ಥರ್ಮಾಮೀಟರ್ ಇವತ್ತೇ ತಗೊಂಡಿಡು.

ತುಮಕೂರು ಅಣ್ಣ:
ಎಲ್ಲ ಸರಿ, ಆದ್ರೆ ವಯಸ್ಸಾದೋರಿಗೆ ಇಷ್ಟೊಂದು ಹೇಳ್ಬೇಕಾ? ನಮ್ಮ ಕಡೆ ಎಲ್ಲ ಗಂಟು ಅಂತ ಅಷ್ಟೇ ಹೇಳಿ ಟ್ರೀಟ್‌ಮೆಂಟ್ ಮುಗಿಸ್ತಾರೆ. ಸುಮ್ನೆ ಭಯ ಯಾಕೆ.

ವಾರ್ಡ್ ಸಿಸ್ಟರ್:
ಅಣ್ಣ, ನಿಮ್ಮ ಕಾಳಜಿ ಅರ್ಥ ಆಗತ್ತೆ. ಆದ್ರೆ ಇಲ್ಲಿ ಆ ಅಮ್ಮ ಹೆದರಿರೋದು ನಿಜ ಗೊತ್ತಾಗಿ ಅಲ್ಲ, ತಪ್ಪು ಗೊತ್ತಾಗಿ. ಪೇಷೆಂಟ್‌ಗಳು ಮಗಳ ಮುಖ, ನೆಂಟರ ಪಿಸುಮಾತು ಎಲ್ಲ ಗಮನಿಸ್ತಾ ಇರ್ತಾರೆ, ನಾವು ಹೇಳದೇ ಇದ್ದಿದ್ದನ್ನ ಅವರೇ ಊಹೆ ಮಾಡ್ಕೋತಾರೆ, ಆ ಊಹೆ ಯಾವಾಗ್ಲೂ ಇನ್ನೂ ಕೆಟ್ಟದಾಗೇ ಇರತ್ತೆ. ಜ್ವರ ಬಂದ್ರೆ ಹೇಳ್ಬೇಕು ಅಂತ ಗೊತ್ತಿಲ್ದೇ ಮುಚ್ಚಿಟ್ಕೊಂಡು ಸೀರಿಯಸ್ ಆಗಿ ಬರೋರನ್ನ ನಾವು ನೋಡ್ತೀವಿ. ಒಂದೇ ದಿನ ಎಲ್ಲ ಸುರೀಬೇಡಿ ಅನ್ನೋದಾದ್ರೆ ಒಪ್ತೀನಿ. ಮೊದ್ಲು ಅವರನ್ನೇ ಕೇಳಿ, "ಅಮ್ಮ, ಡಾಕ್ಟರ್ ಹೇಳಿದ್ರಲ್ಲಿ ನಿನಗೆ ಏನು ಅರ್ಥ ಆಯ್ತು?" ಅಂತ. ಎಲ್ಲಿ ತಪ್ಪಿದೆಯೋ ಅಲ್ಲಿಂದ ಶುರು ಮಾಡಿ, ಕೊನೇಲಿ ಅವರ ಮಾತಲ್ಲೇ ವಾಪಸ್ ಹೇಳ್ಸಿ.

ಹಾಸನದ ಮಗಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಹತ್ರ ಕೂತು ಮಾತಾಡ್ದೆ, "ಹಂಗಾದ್ರೆ ಮಾತ್ರೆಗೆ ಬಗ್ಗೋ ಕಾಯಿಲೇನಾ" ಅಂತ ಎರಡೆರಡು ಸಲ ಕೇಳಿದ್ರು, ರಾತ್ರಿ ಮುದ್ದೆ ಊಟ ಮಾಡಿದ್ರು. ಇವತ್ತು ಪೆಟ್ ಸಿಟಿ ಸ್ಕ್ಯಾನ್ ರಿಪೋರ್ಟೂ ಬಂತು. ಎಡಗಡೆ ಆಕ್ಸಿಲರಿ ನೋಡ್ ಮೆಟಬಾಲಿಕಲಿ ಆಕ್ಟಿವ್ ಅಂತಿದೆ, ಲಿವರ್, ಲಂಗ್ಸ್, ಮೂಳೇಲಿ ಏನೂ ಇಲ್ಲ ಅಂತಿದೆ. ಡಾಕ್ಟರ್ ಸಿಗೋದು ಸೋಮವಾರ.

ವಾರ್ಡ್ ಸಿಸ್ಟರ್:
ಎರಡನೇ ಸಾಲು ಒಳ್ಳೇ ಸುದ್ದಿ. ಪೆಟ್‌ನಲ್ಲಿ ಸಕ್ಕರೆ ಥರದ ಔಷಧಿ ಕೊಡ್ತಾರೆ, ಜಾಸ್ತಿ ಕೆಲಸ ಮಾಡ್ತಿರೋ ಕಣ ಅದನ್ನ ಜಾಸ್ತಿ ಎಳ್ಕೊಳ್ಳತ್ತೆ, ಅದನ್ನೇ ಆಕ್ಟಿವ್ ಅಂತ ಬರೀತಾರೆ. ಕಂಕುಳ ಗ್ರಂಥಿ ಹಂಗೆ ಕಂಡಿದೆ. ಕ್ಯಾನ್ಸರ್ ಅಲ್ಲಿ ತನಕ ಹೋಗಿರಬಹುದು, ಸೋಂಕು ಊತಕ್ಕೂ ಹಾಗೆ ಕಾಣೋದುಂಟು. ಹೋಗಿದ್ರೂ ಎದೆಗೆ ಹತ್ತಿರದ ಜಾಗ ಅದು, ದೂರದ ಅಂಗಕ್ಕೆ ಹೋದ ಹಾಗಲ್ಲ. ಸೋಮವಾರ ಮೂರು ಪ್ರಶ್ನೆ ಚೀಟಿಲಿ ಬರ್ಕೊಂಡು ಹೋಗಿ: ಆ ಗ್ರಂಥಿಗೆ ಸೂಜಿ ಟೆಸ್ಟ್ ಮಾಡ್ತೀರಾ, ಒಟ್ಟು ಸ್ಟೇಜ್ ಎಷ್ಟು, ಕ್ಲಿಪ್ ಯಾವಾಗ ಹಾಕ್ತೀರಾ. ಚೀಟಿ ಅಮ್ಮನ ಕೈಯಲ್ಲೇ ಇರ್ಲಿ, ಅವರೇ ಕೇಳ್ಲಿ.