ಅಪ್‌ಡೇಟ್: ಅವ್ವನ ಚೆಕಪ್ ಬಗ್ಗೆ ಕೇಳಿದ್ದೆನಲ್ಲ

ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಆಪರೇಷನ್ ಆದ ಅವ್ವನಿಗೆ, "ಇನ್ನು ಮೂರು ತಿಂಗಳಿಗೊಮ್ಮೆ ಬರಬೇಕಿಲ್ಲ, ಏನಾದರೂ ಅನ್ನಿಸಿದರೆ ನೀವೇ ಬನ್ನಿ" ಅಂದಿದ್ದಾರೆ, ಇದು ಸರಿಯೇ ಅಂತ ಕೇಳಿದ್ದೆ. ಕೈ ತೊಳೆದುಕೊಂಡರೇನೋ ಅಂತ ಸಿಟ್ಟೂ ಬಂದಿತ್ತು.

ನೀವು ಹೇಳಿದಂತೆ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಡಾಕ್ಟರನ್ನೇ ಕೇಳಿದೆ. ಅವ್ವನದು ಮೊದಲ ಹಂತ, ಗರ್ಭಕೋಶ ದಾಟಿರಲಿಲ್ಲ. ಮರಳುವ ಸಾಧ್ಯತೆ ಕಡಿಮೆ. ಮರಳಿದರೂ ಹೆಚ್ಚಾಗಿ ಮೊದಲ 2–3 ವರ್ಷದಲ್ಲಿ, ಬಹುತೇಕ ಲಕ್ಷಣ ತೋರಿಸಿಯೇ. ಬ್ರಿಟನ್ನಿನಲ್ಲಿ ಇಂಥವರಿಗೆ ಈ ಪದ್ಧತಿ ಇದೆಯಂತೆ. ಎಲ್ಲರಿಗೂ ಅಲ್ಲ, ಕಾಯಿಲೆ ಮುಂದುವರಿದಿದ್ದರೆ ಲೆಕ್ಕವೇ ಬೇರೆ.

ನೋಡಬೇಕಾದ್ದು: ಕೆಳಗಿನಿಂದ ರಕ್ತ, ಒಂದು ಹನಿಯಾದರೂ. ಬಿಡದ ಕಿಬ್ಬೊಟ್ಟೆ ನೋವು, ಕಾಲು ಬಾವು, ಸುಮ್ನೆ ತೂಕ ಇಳಿಯುವುದು, ಹೋಗದ ಕೆಮ್ಮು.

ನಿಜವಾದ ತೊಂದರೆ ಬೇರೆ. ಅವ್ವ ಬಾಯಿ ಬಿಡುವುದಿಲ್ಲ. "ನಿನಗ್ಯಾಕ ತ್ರಾಸು" ಅನ್ನುತ್ತಾಳೆ. ಅದಕ್ಕೇ ಪ್ರತಿ ಅಮಾವಾಸ್ಯೆಗೆ ನಾನೇ ಒಂದೊಂದಾಗಿ ಕೇಳುತ್ತೇನೆ. ಹಬ್ಬ ಮರೆತರೂ ಅಮಾವಾಸ್ಯೆ ಮರೆಯುವ ಮನೆಯಲ್ಲ ನಮ್ಮದು. ಹೋದ ಅಮಾವಾಸ್ಯೆಗೆ ತಲೆ ತಗ್ಗಿಸಿ, "ಸೀರಿಗೆ ಸ್ವಲ್ಪ ಕಲೆ ಆಗಿತ್ತು" ಅಂದಳು. ಎಂಟು ದಿನದ ಹಿಂದೆ! ಹುಬ್ಬಳ್ಳಿಗೆ ಹೋದಾಗ ಕೇಳಿ ಪಡೆದಿದ್ದ ನರ್ಸ್ ನಂಬರಿಗೆ ಕೂಡಲೇ ಫೋನ್ ಮಾಡಿದೆ. ಮೂರನೇ ದಿನಕ್ಕೆ ನೋಡಿದರು. ಒಳಗಿನ ಚರ್ಮ ಒಣಗಿ ಬಿರಿದಿತ್ತು, ಅಷ್ಟೇ. ಮುಲಾಮು ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಗಿರ್ಮಿಟ್ ಬೇಕು ಅಂದಳು. ಅಣ್ಣಿಗೇರಿಯಲ್ಲಿ ಇಳಿದು ಕೊಡಿಸಿದೆ.