ಏರ್‌ಶೋದಲ್ಲಿ ವಿಮಾನ ಹಾರುತ್ತಿರುವಾಗ ಹಾಡು ಹಾಕಬೇಕಾ?

ಬಾನಾಡಿ:

ಎಲ್ಲರಿಗೂ ನಮಸ್ಕಾರ. ನಾನು ಏರ್‌ಶೋಗೆ ಹೋಗುವುದು ಮುಖ್ಯವಾಗಿ ಕೇಳುವುದಕ್ಕೆ. ಫೋಟೋ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ರೆಕಾರ್ಡರ್, ಗಾಳಿ ಸದ್ದು ತಡೆಯುವ ತುಪ್ಪಳದ ಟೊಪ್ಪಿ ಹಾಕಿದ ಮೈಕು ಹಿಡಿದು, ಜನರಿಂದ ಆದಷ್ಟು ದೂರ ಹೋಗಿ ನಿಲ್ಲುತ್ತೇನೆ. ಇಂಜಿನ್ ಸದ್ದು ಕೂಡಿಡುವುದು ನನ್ನ ಹವ್ಯಾಸ.

ಈಚೆಗೆ ಒಂದು ಶೋಗೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಬೇರೆ ಎಲ್ಲ ವ್ಯವಸ್ಥೆ ಚೆನ್ನಾಗಿಯೇ ಇತ್ತು. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ಬಂತು. ದೂರದಲ್ಲಿ ತಿರುಗಿ, ಮೂತಿ ಕೆಳಗೆ ಮಾಡಿ ನಮ್ಮ ಕಡೆ ಇಳಿಯುತ್ತಿದ್ದ ಹಾಗೇ ಸ್ಪೀಕರ್‌ನಲ್ಲಿ ಗಿಟಾರು, ಡ್ರಮ್ಮು ಶುರುವಾಯಿತು. ವಿಮಾನ ಎದುರಿಗೇ ಹಾದುಹೋಯಿತು. ಕಣ್ಣಿಗೆ ಕಂಡಿತು, ಕಿವಿಗೆ ಸಿಗಲಿಲ್ಲ. ಪೈಲಟ್ ಥ್ರಾಟಲ್ ಹಿಂದಕ್ಕೆ ಎಳೆದು ಇಂಜಿನ್ ಬಲ ತಗ್ಗಿಸಿದಾಗ ಎಕ್ಸಾಸ್ಟ್‌ನಿಂದ ಪಟಪಟ ಅಂತ ಸಿಡಿಯುವ ಸದ್ದು ಬರುತ್ತದಲ್ಲ, ನಾನು ಕಾಯುತ್ತಿದ್ದದ್ದೇ ಅದಕ್ಕೆ. ಅದೂ ಡ್ರಮ್ಮಿನಲ್ಲಿ ಮುಳುಗಿಹೋಯಿತು.

ನನಗೆ ಹಾಡಿನ ಮೇಲೆ ಕೋಪ ಇಲ್ಲ. ಹಾಡನ್ನು ಎಲ್ಲಿ ಬೇಕಾದರೂ ಕೇಳಬಹುದು. ಆ ಸ್ಪಿಟ್‌ಫೈರ್‌ನಲ್ಲಿದ್ದ 27 ಲೀಟರಿನ, 12 ಸಿಲಿಂಡರಿನ ಮರ್ಲಿನ್ ಇಂಜಿನ್ ತಲೆಯ ಮೇಲೆ ಹಾದುಹೋಗುವುದನ್ನು ಬೇರೆಲ್ಲಿ ಕೇಳುತ್ತೀರಿ? ಅಂಥ ನಾಲ್ಕು ಇಂಜಿನ್ ಇರುವ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಹಾರುವಂಥವು ಇಡೀ ಜಗತ್ತಿನಲ್ಲಿ ಎರಡೇ ಉಳಿದಿವೆ. ಒಂದು ಬ್ರಿಟನ್‌ನಲ್ಲಿ, ಇನ್ನೊಂದು ಕೆನಡಾದಲ್ಲಿ. ಬ್ರಿಟನ್ನಿನ ಜೆಟ್ ಬಾಂಬರ್ ವಲ್ಕನ್ ಕಥೆ ಅಂತೂ ಮುಗಿದೇ ಹೋಯಿತು. ಹಾರುತ್ತಿದ್ದ ಕೊನೆಯ ವಲ್ಕನ್ 2015ರ ಅಕ್ಟೋಬರ್ 28ರಂದು ಕೊನೆಯ ಸಲ ಹಾರಿತು. ಇಂಜಿನ್ ಒಂದು ಹದಕ್ಕೆ ಬಂದಾಗ, ಗಾಳಿ ಒಳಗೆ ಹೋಗುವ ಬಾಯಿಗಳಿಂದ ಅದು ಹೊರಡಿಸುತ್ತಿದ್ದ ಊಳು ಇನ್ನು ರೆಕಾರ್ಡಿಂಗ್‌ನಲ್ಲಿ ಮಾತ್ರ. ಆ ರೆಕಾರ್ಡಿಂಗ್ ಮೇಲೂ ಯಾವುದೋ ಹಾಡು ಬಂದು ಕೂತಿದ್ದರೆ ಏನು ಮಾಡುವುದು ಹೇಳಿ.

ಇನ್ನೊಂದು ವಿಷಯ. ಸಂಗೀತ ಗೊತ್ತಿರುವವರು ಇದನ್ನು ಗಮನಿಸಿ. ವಿಮಾನ ಗಂಟೆಗೆ 400 ಕಿ.ಮೀ. ಆಸುಪಾಸಿನ ವೇಗದಲ್ಲಿ ನಮ್ಮ ಕಡೆ ಬಂದು ದಾಟಿ ಹೋದರೆ, ಬರುವಾಗ ಇದ್ದ ಶ್ರುತಿ ಹೋಗುವಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಸದ್ದಿನ ಮೂಲ ಹತ್ತಿರ ಬರುವಾಗ ಶ್ರುತಿ ಏರುವ, ದೂರ ಹೋಗುವಾಗ ಇಳಿಯುವ ಡಾಪ್ಲರ್ ಪರಿಣಾಮದ ಲೆಕ್ಕ ಹಾಕಿ ನೋಡಿ. ಅಂದರೆ ಮೇಲಿನ ಷಡ್ಜದಿಂದ ಒಂದು ಸ್ಥಾಯಿ ಕೆಳಗಿನ ಷಡ್ಜದವರೆಗೆ ಒಂದೇ ಜಾರು! ನಡುವೆ ಯಾವ ಸ್ವರದ ಮೇಲೂ ನಿಲ್ಲುವುದಿಲ್ಲ. ಇದರ ಜೊತೆ ಒಂದೇ ಶ್ರುತಿಯಲ್ಲಿ ನಿಂತ ಹಾಡು ಹಾಕಿದರೆ ಎರಡೂ ಕೆಡುತ್ತವೆ. ಹಾಡು ಎಷ್ಟೇ ಚೆನ್ನಾಗಿರಲಿ, ಅಪಶ್ರುತಿ ತಪ್ಪುವುದಿಲ್ಲ.

ನಿಮಗೇನನ್ನಿಸುತ್ತದೆ? ಹಾಡು ಬೇಕೇ ಬೇಕು ಅನ್ನುವವರೂ ಕಾರಣ ಹೇಳಿ. ಆಯೋಜಕರಿಗೆ ಒಂದು ಪತ್ರ ಬರೆಯಬೇಕು ಅಂದುಕೊಂಡಿದ್ದೇನೆ.

ಟೈಲ್‌ವೀಲ್:

ಬಾನಾಡಿಯವರೇ, ಹಳೆಯ ಪಿಸ್ಟನ್ ಇಂಜಿನ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಎಲ್ಲ ವಿಮಾನಕ್ಕೂ ಒಂದೇ ನಿಯಮ ಬೇಡ.

ಗ್ಲೈಡರ್‌ನೇ ತೆಗೆದುಕೊಳ್ಳಿ. ಅದಕ್ಕೆ ಇಂಜಿನ್ನೇ ಇಲ್ಲ. ಸ್ವಿಫ್ಟ್ ಎಸ್-1, ಫಾಕ್ಸ್ ತರಹದ ಏರೋಬ್ಯಾಟಿಕ್, ಅಂದರೆ ಗಾಳಿಯಲ್ಲಿ ಕಸರತ್ತು ಮಾಡುವ, ಗ್ಲೈಡರ್ ಮೇಲಿಂದ ಲೂಪು, ರೋಲು ಮಾಡುತ್ತಾ ಇಳಿಯುತ್ತದೆ. ತೀರ ಹತ್ತಿರ ಬಂದಾಗ ಮಾತ್ರ ರೆಕ್ಕೆ ಗಾಳಿ ಸೀಳುವ ಸುಯ್ ಸದ್ದು ಕೇಳುತ್ತದೆ. ಉಳಿದಷ್ಟು ಹೊತ್ತು ಏನೂ ಇಲ್ಲ. ಮೇಲೆ ಏನಾಗುತ್ತಿದೆ ಅಂತ ಗೊತ್ತಾಗದೆ ಜನ ಬೆನ್ನು ತಿರುಗಿಸಿ ಮಾತಿಗೆ ನಿಲ್ಲುತ್ತಾರೆ. ಮೆಲ್ಲಗೆ ಒಂದು ಪಿಟೀಲೋ ಪಿಯಾನೋನೋ ಇಟ್ಟರೆ ತಲೆ ಎತ್ತಿ ನೋಡುತ್ತಾರೆ. ಅಲ್ಲಿ ಸಂಗೀತ ಯಾವ ಸದ್ದನ್ನೂ ಮುಚ್ಚುತ್ತಿಲ್ಲ ಅಲ್ವಾ?

ಇನ್ನು ಒಂಬತ್ತು ವಿಮಾನದ ತಂಡಗಳು. ಬ್ರಿಟನ್ ವಾಯುಪಡೆಯ ರೆಡ್ ಆರೋಸ್, ನಮ್ಮ ವಾಯುಪಡೆಯ ಸೂರ್ಯಕಿರಣ ಎರಡೂ ಹಾರಿಸುವುದು ಹಾಕ್ ಜೆಟ್. ಎರಡಕ್ಕೂ ಆಡೂರ್ ಇಂಜಿನ್. ಹೊರಹೋಗುವ ಬಿಸಿ ಗಾಳಿಗೆ ಮತ್ತೆ ಇಂಧನ ಸುರಿದು ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಇಲ್ಲ, ಆದ್ದರಿಂದ ದೊಡ್ಡ ಫೈಟರ್ ಹಾಗೆ ನೆಲ ನಡುಗಿಸುವುದಿಲ್ಲ. ಗುಂಪು ಪೂರ್ತಿ ದೂರ ಹೋಗಿ, ಆಕಾರ ಬದಲಿಸಿಕೊಂಡು ಬರುವ ತನಕ ಆಕಾಶ ಖಾಲಿ. ಆ ಹೊತ್ತಿಗೆ ಹಾಡು ಇದ್ದರೆ ನಷ್ಟ ಏನು? ಇಟಲಿಯ ಫ್ರೆಚ್ಚೆ ತ್ರಿಕೊಲೋರಿ ತಂಡ ಕೊನೆಗೆ ಹಸಿರು, ಬಿಳಿ, ಕೆಂಪು ಹೊಗೆ ಉದ್ದಕ್ಕೆ ಎಳೆಯುವಾಗ ಒಪೆರಾ ಗಾಯಕ ಪವರೊಟ್ಟಿಯ ಕಂಠ ಕೇಳಿಸುತ್ತಾರೆ. ಅದನ್ನು ತೆಗೆದರೆ ಆ ಪ್ರದರ್ಶನವೇ ಅರ್ಧ ಆಗುತ್ತದೆ.

ಬಾನಾಡಿ:

ಗ್ಲೈಡರ್ ಮಾತು ಸರಿ, ಒಪ್ಪಿದೆ. ಖಾಲಿ ಆಕಾಶಕ್ಕೂ ನನ್ನ ತಕರಾರಿಲ್ಲ. ಆದರೆ ಗುಂಪು ವಾಪಸ್ ಬಂದಾಗ ಹಾಡು ನಿಲ್ಲಿಸುವವರು ಯಾರು? ನಾನು ಕಂಡ ಹಾಗೆ ಒಮ್ಮೆ ಬಟನ್ ಒತ್ತಿದರೆ ಶೋ ಮುಗಿಯುವ ತನಕ ಓಡುತ್ತಲೇ ಇರುತ್ತದೆ.

ತಾಳದ ವಿಷಯವೂ ಇದೆ. ‘ಹಾಡಿಗೆ ತಕ್ಕಂತೆ ಹಾರುತ್ತಾರೆ’ ಅಂತ ಕಾಮೆಂಟರಿಯಲ್ಲಿ ಹೇಳುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಮೆರಿಕದ ನಿಯಮದಲ್ಲಿ ವೇಗದ ಜೆಟ್‌ಗಳು ಜನರಿಂದ 1500 ಅಡಿ ಆಚೆಗೇ ಇರಬೇಕು. ಅಷ್ಟು ದೂರದ ಸದ್ದು ನಮ್ಮನ್ನು ಮುಟ್ಟಲು 1.3 ಸೆಕೆಂಡು ಬೇಕು. ಲೂಪಿನ ತುದಿಯಲ್ಲಿದ್ದರೆ ಇನ್ನೂ ತಡ. ಅಂದರೆ ಕಣ್ಣಿಗೆ ಕಾಣುವ ತಿರುವು ಒಂದು ಕ್ಷಣ, ಅದರ ಸದ್ದು ಇನ್ನೊಂದು ಕ್ಷಣ. ಹಾಡಿನ ಪೆಟ್ಟನ್ನು ಯಾವುದಕ್ಕೆ ಕೂರಿಸುತ್ತೀರಿ? ಕಣ್ಣಿಗೆ ಕೂರಿಸಿದರೆ ಇಂಜಿನ್ ತಾಳ ತಪ್ಪುತ್ತದೆ. ಕಿವಿಗೆ ಕೂರಿಸಿದರೆ ವಿಮಾನ ಮುಂದೆ ಹೋಗಿಬಿಟ್ಟಿರುತ್ತದೆ. ಇಂಜಿನ್ ಒಂದನ್ನೇ ಕೇಳುವಾಗ ಈ ತಡ ನನಗೆ ಯಾವತ್ತೂ ಕಿರಿಕಿರಿ ಅನ್ನಿಸಿಲ್ಲ. ಮೊದಲು ವಿಮಾನ, ಆಮೇಲೆ ಅದರ ಗುಡುಗು. ಅದರಲ್ಲೇ ಒಂದು ಸುಖ ಇದೆ.

ಫೋಮ್‌ರೆಕ್ಕೆ:

ನಾನು ಮಾಡೆಲ್ ವಿಮಾನ ಹಾರಿಸುವವನು, ಅದಕ್ಕೇ ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಸಂಗೀತಕ್ಕೆ ಹಾರಿಸುವುದೇ ಒಂದು ಸ್ಪರ್ಧೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಸಂಸ್ಥೆ ಎಫ್‌ಎಐ ನಿಯಮಾವಳಿಯ ಎಫ್3ಪಿಯಲ್ಲಿ, ಅಂದರೆ ಒಳಾಂಗಣ ಏರೋಬ್ಯಾಟಿಕ್ಸ್‌ನಲ್ಲಿ, ಏರೋ ಮ್ಯೂಸಿಕಲ್ಸ್ ಅಂತ ಬೇರೆ ವಿಭಾಗವೇ ಇದೆ. ಹಾಡನ್ನು ಹಾರಿಸುವವರೇ ಆರಿಸುತ್ತಾರೆ. ಒಂದೊಂದು ತಿರುವನ್ನೂ ಅದಕ್ಕೆ ಹೊಂದಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಹಾಡು ನಿಧಾನ ಆದಾಗ ವಿಮಾನ ಮೂತಿ ಮೇಲೆ ಮಾಡಿ ಪ್ರೊಪೆಲ್ಲರ್ ಬಲದಲ್ಲಿ ಗಾಳಿಯಲ್ಲೇ ನೇತಾಡುತ್ತದೆ. ಪೆಟ್ಟು ಬಿದ್ದ ಕೂಡಲೇ ಮಗುಚುತ್ತದೆ.

ಅದು ನಡೆಯುವುದಕ್ಕೆ ಕಾರಣ ಇದೆ. ಹಾರಿಸುವವರು ನೆಲದ ಮೇಲೆ, ಅದೇ ಹಾಲ್‌ನಲ್ಲಿ, ನಮ್ಮ ಜೊತೆಗೇ ಅದೇ ಹಾಡು ಕೇಳುತ್ತಿರುತ್ತಾರೆ. ವಿಮಾನ ಬ್ಯಾಟರಿ ಮೋಟರ್‌ನದು, ಸದ್ದು ಕಡಿಮೆ. ದೂರವೂ ಕಡಿಮೆ, ತಡ ಇಲ್ಲ. ದೊಡ್ಡ ಏರ್‌ಶೋದಲ್ಲಿ ಪೈಲಟ್‌ಗೆ ಜನರ ಮುಂದಿನ ಸ್ಪೀಕರ್ ಕೇಳುವುದೇ ಇಲ್ಲ. ಹೆಡ್‌ಸೆಟ್‌ನಲ್ಲಿ ಹಾಡು ಇದ್ದರೂ ಅಡ್ಡಗಾಳಿ ಬೀಸಿದರೆ ಲೆಕ್ಕ ಜಾರುತ್ತದೆ. ಹಾಡಿನ ಹಿಂದೆ ಓಡಲು ಹೋಗದೆ ಎತ್ತರ, ವೇಗ ನೋಡಿಕೊಳ್ಳುವುದೇ ಅವರಿಗೆ ಒಳ್ಳೆಯದು. ಪೈಲಟ್ ತಾನೇ ಆರಿಸಿ, ತಾನೇ ಅಭ್ಯಾಸ ಮಾಡಿದ ಸಂಗೀತವಾದರೆ ಸರಿ. ಕಂಟ್ರೋಲ್ ಟೇಬಲ್‌ನಲ್ಲಿ ಕೂತವರು ಸುಮ್ನೆ ಯಾವುದೋ ಹಾಡು ಹಾಕುವುದು ಬೇಡ.

ಮುಗಿಲು_ಅಮ್ಮ:

ನನಗೆ ಮರ್ಲಿನ್ ಯಾವುದು, ಆಡೂರ್ ಯಾವುದು ಗೊತ್ತಾಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ಅಷ್ಟೇ. ಆದರೂ ಹೇಳುತ್ತೇನೆ. ಒಂದು ತಂಡ ಕೊನೆಯಲ್ಲಿ ಆಕಾಶದ ತುಂಬ ಬಣ್ಣದ ಹೊಗೆ ಬಿಟ್ಟು ಬೇರೆ ಬೇರೆ ಕಡೆ ಚದುರುವಾಗ ಸಂಗೀತ ಏರುತ್ತಾ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಅಜ್ಜ ಟೊಪ್ಪಿ ತೆಗೆದು ನಿಂತಿದ್ದರು. ಇದು ಸುಳ್ಳು ಭಾವನೆ ಅಲ್ಲ. ಬಂದವರಲ್ಲಿ ಇಂಜಿನ್ ಗೊತ್ತಿಲ್ಲದ ನಮ್ಮಂಥವರೇ ಜಾಸ್ತಿ. ನಮಗೂ ಅದು ಸೇರಿದ್ದು.

ನನಗೆ ಬೇಡವಾಗಿರುವುದು ಅಬ್ಬರ. ಮಕ್ಕಳ ಕಿವಿಗೆ ಮಫ್ ಹಾಕಿಯೇ ಕೂರಿಸುತ್ತೇನೆ. ಫೈಟರ್ ಜೆಟ್ ಬಂದಾಗ ಅದು ಬೇಕೇ ಬೇಕು. ಹೋದ ಮೇಲೆ ಸ್ವಲ್ಪ ತೆಗೆಯೋಣ ಅಂದರೆ ಸ್ಪೀಕರ್ ಬಿಡುವುದಿಲ್ಲ. ಕಾಮೆಂಟರಿಯೂ ಹಾಡಿನ ಕೆಳಗೆ ಮುಳುಗುತ್ತದೆ. ಬಂದದ್ದು ಯಾವ ವಿಮಾನ ಅಂತ ಮಗ ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ.

ಮೈಕ್‌ಟೆಸ್ಟ್:

ಸೌಂಡ್ ಕೆಲಸ ಮಾಡುವವನು ನಾನು, ಬಯಲಿನ ಕಾರ್ಯಕ್ರಮಗಳಿಗೆ. ಇಲ್ಲಿ ಅರ್ಧ ಜಗಳ ಹಾಡಿನದಲ್ಲ, ಸ್ಪೀಕರಿನದು.

ಏರ್‌ಶೋದಲ್ಲಿ ಜನ ರನ್‌ವೇ ಉದ್ದಕ್ಕೂ ನಿಂತಿರುತ್ತಾರೆ. ಕಂಬಕ್ಕೊಂದು ಹಾರ್ನ್ ಸ್ಪೀಕರ್ ಕಟ್ಟಿರುತ್ತಾರೆ. ಹಾರ್ನ್ ಮಾತಿಗೆ ಒಳ್ಳೆಯದು, ದೂರ ಹೋಗುತ್ತದೆ. ಹಾಡಿಗೆ ಅದರಲ್ಲಿ ಬೇಸ್ ಇಲ್ಲ, ತಗಡು ಬಡಿದ ಹಾಗೆ ಕೇಳುತ್ತದೆ. ಸಾಲದ್ದಕ್ಕೆ 170 ಮೀಟರ್ ಆಚೆಯ ಕಂಬದ ಸದ್ದು ನಿಮ್ಮ ಹತ್ತಿರದ ಕಂಬಕ್ಕಿಂತ ಅರ್ಧ ಸೆಕೆಂಡು ತಡವಾಗಿ ಬರುತ್ತದೆ. ಒಂದೇ ಹಾಡು ಎರಡೆರಡು ಸಲ. ಕೇಳಿಸುತ್ತಿಲ್ಲ ಅಂತ ಜನ ಹೇಳಿದರೆ ವಾಲ್ಯೂಮ್ ಏರಿಸುತ್ತಾರೆ. ಆಗ ದೂರದ ಕಂಬವೂ ಏರುತ್ತದೆ, ಗೊಂದಲ ಹೆಚ್ಚುತ್ತದೆ. ಚಿಕ್ಕ ಸ್ಪೀಕರ್‌ಗಳನ್ನು ಹತ್ತಿರ ಹತ್ತಿರ ಇಟ್ಟು ಸದ್ದು ತಗ್ಗಿಸಬೇಕು. ಖರ್ಚು ಜಾಸ್ತಿ, ಆದರೆ ದಾರಿ ಅದೇ.

ಅದಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ಏನಾದರೂ ಅನಾಹುತ ಆದರೆ ಜನರಿಗೆ ‘ಇದ್ದಲ್ಲೇ ಇರಿ’, ‘ಈ ಕಡೆ ಬನ್ನಿ’ ಅಂತ ಹೇಳುವುದು ಇದೇ ಸ್ಪೀಕರಿನಲ್ಲಿ. ಆ ಕ್ಷಣದಲ್ಲಿ ಹಾಡು ನಿಲ್ಲಿಸುವವರನ್ನು ಹುಡುಕುತ್ತಾ ಓಡಬಾರದು. ರೆಡ್ ಆರೋಸ್‌ನಲ್ಲಿ ನೆಲದ ಮೇಲಿರುವ, ರೆಡ್ 10 ಅಂತ ಕರೆಯುವ ಅಧಿಕಾರಿ ಇದ್ದಾರಲ್ಲ, ಕಾಮೆಂಟರಿ ಕೊಡುವವರೂ ಅವರೇ, ಸುರಕ್ಷತೆಗಾಗಿ ಹಾರಾಟದ ಮೇಲೆ ಕಣ್ಣಿಟ್ಟವರೂ ಅವರೇ. ಹಾಡು ನಿಲ್ಲಿಸುವ ಸ್ವಿಚ್ಚು ಅಂಥವರ ಕೈಯಲ್ಲೇ ಇರಬೇಕು. ಮೈಕ್ ಒತ್ತಿದರೆ ಹಾಡು ತಾನಾಗಿ ತಗ್ಗುವ ಹಾಗೆ ಮಾಡುವುದು ಕಷ್ಟದ ಕೆಲಸ ಏನಲ್ಲ.

ಟೈಲ್‌ವೀಲ್:

ವಿಡಿಯೋ ಹಾಕುವವರ ಕಷ್ಟವನ್ನೂ ಪತ್ರದಲ್ಲಿ ಸೇರಿಸಿ. ಹಿನ್ನೆಲೆಯಲ್ಲಿ ಹೆಸರಾಂತ ಹಾಡು ಇದ್ದರೆ ಯೂಟ್ಯೂಬ್ ಅದರ ಕಾಪಿರೈಟ್ ಗುರುತು ಹಿಡಿಯುತ್ತದೆ. ಆಮೇಲೆ ಆ ಭಾಗದ ಸದ್ದು ತೆಗೆಯಬೇಕಾಗಬಹುದು. ಹಾಡಿನ ಜೊತೆ ಇಂಜಿನ್ ಸದ್ದೂ ಹೋಗುತ್ತದೆ.

ಬಾನಾಡಿ:

ಎಲ್ಲರಿಗೂ ಥ್ಯಾಂಕ್ಸ್. ಮುಗಿಲು ಅಮ್ಮ, ನೀವು ಹೇಳಿದ್ದನ್ನು ಓದಿದ ಮೇಲೆ ‘ಹಾಡೇ ಬೇಡ’ ಅಂತ ಬರೆಯುವುದಿಲ್ಲ. ಕೊನೆಯ ಚದುರುವಿಕೆಗೆ ಸಂಗೀತ ಇರಲಿ. ಗ್ಲೈಡರ್‌ಗೆ ಇರಲಿ. ಎರಡು ವಿಮಾನಗಳ ನಡುವಿನ ಬಿಡುವಿನಲ್ಲೂ ಮೆಲ್ಲಗೆ ಇರಲಿ. ಆದರೆ ಹಳೆಯ ಪಿಸ್ಟನ್ ವಿಮಾನ ಹಾರುವಷ್ಟು ಹೊತ್ತು ಹಾಡೂ ಬೇಡ, ಕಾಮೆಂಟರಿಯೂ ಬೇಡ. ವಿಮಾನದ ಕಥೆಯನ್ನು ಅದು ಹಾರುವ ಮೊದಲು ನೆಲದ ಮೇಲೆ ಉರುಳುತ್ತಾ ಟ್ಯಾಕ್ಸಿ ಮಾಡುವಾಗಲೇ ಹೇಳಿ ಮುಗಿಸಲಿ. ಇದರಲ್ಲಿ ನಾನು ಬಗ್ಗುವುದಿಲ್ಲ.

ಮೈಕ್‌ಟೆಸ್ಟ್ ಅವರೇ, ಆ ಸ್ವಿಚ್ಚಿನ ವಿಷಯ ನೀವೇ ನಾಲ್ಕು ಸಾಲು ಬರೆದುಕೊಡುತ್ತೀರಾ? ಕೆಲಸ ಮಾಡಿದವರ ಮಾತಿಗೆ ಅವರು ಬೇಗ ಕಿವಿ ಕೊಡುತ್ತಾರೆ.

ಮೈಕ್‌ಟೆಸ್ಟ್:

ಖಂಡಿತ. ವೈರಿಂಗ್ ಚಿತ್ರವನ್ನೂ ಬರೆದು ಕಳಿಸುತ್ತೇನೆ. ಕಂಬದಿಂದ ಕಂಬಕ್ಕೆ ಎಷ್ಟು ದೂರ ಇತ್ತು ಅಂತ ನೆನಪಿದ್ದರೆ ತಿಳಿಸಿ.